ಡಿಪ್ರೆಶನ್ ರಜೆ ಮುಗಿಸಿ ಬರುವ ನರ್ಸ್‌ಗೆ ಮೊದಲ ವಾರ ಎಂಥ ಡ್ಯೂಟಿ ಹಾಕಬೇಕು?

ನೀವು ಗದಗಿನ ಒಂದು ಆಸ್ಪತ್ರೆಯಲ್ಲಿ ಐಸಿಯು ಇನ್‌ಚಾರ್ಜ್. ನಿಮ್ಮ ಸ್ಟಾಫ್ ನರ್ಸ್ ಒಬ್ಬರು ಡಿಪ್ರೆಶನ್ ಆಗಿ ಎರಡೂವರೆ ತಿಂಗಳು ರಜೆಯಲ್ಲಿದ್ದು ಸೋಮವಾರ ವಾಪಸ್ ಬರುತ್ತಿದ್ದಾರೆ. ಹಗುರ ಕೆಲಸ ಕೊಡಲೋ, ಮೊದಲಿನ ಹಾಗೇ ಡ್ಯೂಟಿ ಹಾಕಲೋ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್. ಇದೇ ಪ್ರಶ್ನೆ ನನಗೂ ಬಂದಿತ್ತು, ನಾನು ತಪ್ಪು ಮಾಡಿದ್ದೆ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಹುಡುಗಿ ಎರಡು ತಿಂಗಳ ನಂತರ ಬಂದಾಗ, ಪಾಪ, ಸುಮ್ನೆ ಕೂತು ಬರೆಯಲಿ ಅಂತ ಸ್ಟಾಕ್ ರಿಜಿಸ್ಟರ್ ಕೊಟ್ಟೆ. ಇಂಡೆಂಟ್ ಬರೆಯುವುದು, ಬೆಡ್‌ಶೀಟ್ ಎಣಿಸುವುದು. ನಾಲ್ಕನೇ ದಿನ ಸ್ಟೋರ್ ರೂಮಿಗೆ ಹೋದರೆ ಒಂದೇ ಟ್ರೇಯಲ್ಲಿದ್ದ ಆಂಪ್ಯೂಲ್‌ಗಳನ್ನು, ಅಂದರೆ ಇಂಜೆಕ್ಷನ್ ಔಷಧಿಯ ಪುಟ್ಟ ಸೀಸೆಗಳನ್ನು, ಎಣಿಸುತ್ತಿದ್ದಳು. ಮುಗಿಸಿದಳು, ಮತ್ತೆ ಮೊದಲಿನಿಂದ ಶುರು ಮಾಡಿದಳು. ತಲೆ ಎತ್ತದೆ ಕೇಳಿದಳು, "ಅಕ್ಕಾರ, ನನ್ನ ಕೈಯಾಗ ಸಿರಿಂಜ್ ಕೊಡಾಕ ಹೆದರಿಕಿ ಆಗ್ತೈತೇನ್ರಿ ನಿಮಗ?" ನನ್ನ ಬಾಯಿಂದ ಮಾತೇ ಬರಲಿಲ್ಲ. ಹೆದರಿಕೆ ಇದ್ದದ್ದು ನಿಜ. ಅದಕ್ಕೆ ನಾನು ಕನಿಕರ ಅಂತ ಹೆಸರಿಟ್ಟುಕೊಂಡಿದ್ದೆ ಅಷ್ಟೇ.

ಮರುದಿನವೇ ರೋಗಿಗಳನ್ನು ಕೊಟ್ಟೆ. ಇಬ್ಬರನ್ನು ಮಾತ್ರ, ಅದೂ ಸ್ಟೇಬಲ್ ಇದ್ದವರನ್ನು. ಜೊತೆಗೆ ಒಬ್ಬ ಸೀನಿಯರ್. ಮುಂದಿನ ವಾರ ನಾಲ್ವರು, ಆಮೇಲೆ ಎಲ್ಲರಷ್ಟೇ. ನಿಮ್ಮದು ಐಸಿಯು, ಹಾಗಾಗಿ ವೆಂಟಿಲೇಟರ್ ಇಲ್ಲದ ಒಬ್ಬ ರೋಗಿಯಿಂದ ಶುರು ಮಾಡಿ. ಕೆಲಸ ಕಡಿಮೆ ಇರಲಿ, ಆದರೆ ಅದು ನರ್ಸ್ ಕೆಲಸವೇ ಆಗಿರಲಿ.

ಔಷಧಿಯಲ್ಲಿ ತಪ್ಪಾದರೆ ಅನ್ನುವ ಚಿಂತೆ ನಿಮಗೂ ಇರುತ್ತದೆ, ಅಲ್ವಾ? ಇನ್ಸುಲಿನ್, ಹೆಪಾರಿನ್, ಪೊಟ್ಯಾಶಿಯಂ ಕ್ಲೋರೈಡ್, ಡೋಸ್ ತಪ್ಪಿದರೆ ಜೀವಕ್ಕೇ ಅಪಾಯ, ಇವಕ್ಕೆಲ್ಲ ಇಬ್ಬರು ಚೆಕ್ ಮಾಡಬೇಕು ಅನ್ನುವುದು ನಾವೆಲ್ಲ ಓದಿದ್ದೇ. ರಶ್ ಇದ್ದಾಗ ಯಾರು ಮಾಡುತ್ತಾರೆ? ಅದನ್ನು ಇಡೀ ವಾರ್ಡಿಗೆ ಮತ್ತೆ ಜಾರಿ ಮಾಡಿದೆ. ಪೊಟ್ಯಾಶಿಯಂ ಆಂಪ್ಯೂಲ್ ಒಡೆಯುವ ಮುಂಚೆ ಇಬ್ಬರೂ ಲೇಬಲ್ ಜೋರಾಗಿ ಓದಬೇಕು, ಎಷ್ಟು ಎಂಎಲ್ ಯಾವ ಬಾಟಲಿಗೆ ಅಂತ ಹೇಳಬೇಕು, ಇಬ್ಬರೂ ಸಹಿ ಹಾಕಬೇಕು. ನಾನು ಹಾಕಿದರೂ ಅಷ್ಟೇ. ಹೀಗಾಗಿ ಅವಳೊಬ್ಬಳ ಮೇಲೆ ಕಣ್ಣಿಟ್ಟ ಹಾಗೆ ಆಗಲಿಲ್ಲ.

ನೈಟ್ ಡ್ಯೂಟಿ ಎಲ್ಲಕ್ಕಿಂತ ಕೊನೆಗೆ. ಈ ಕಾಯಿಲೆಗಳಲ್ಲಿ ನಿದ್ದೆ ಕೆಟ್ಟರೆ ಉಳಿದದ್ದೂ ಕೆಡುತ್ತದೆ. ಮನಸ್ಸು ಒಮ್ಮೆ ತೀರಾ ಕುಗ್ಗಿ ಒಮ್ಮೆ ಅತಿಯಾಗಿ ಏರುವ ಬೈಪೋಲಾರ್ ಇದ್ದವರಿಗಂತೂ ನಿದ್ದೆಗೆಟ್ಟರೆ ಆ ಏರುವ ಹಂತ, ಮೇನಿಯಾ, ಶುರುವಾಗಬಹುದು. ಯಾವಾಗಿನಿಂದ ನೈಟ್ ಹಾಕಬಹುದು ಅನ್ನುವುದನ್ನು ಅವರ ಡಾಕ್ಟರು ಹೇಳಲಿ. ನಾನು ಬೆಳಗಿನ ಶಿಫ್ಟೇ ಸುಲಭ ಅಂದುಕೊಂಡಿದ್ದೆ. ಅವಳು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವವಳು, ಎಂಟಕ್ಕೆ ವಾರ್ಡಿನಲ್ಲಿರಬೇಕೆಂದರೆ ಐದಕ್ಕೆ ಏಳಬೇಕು. ರಾತ್ರಿ ನುಂಗಿದ ಮಾತ್ರೆಯ ಮಂಪರು ಆಗಿನ್ನೂ ಇಳಿದಿರುವುದಿಲ್ಲ. "ಮಧ್ಯಾಹ್ನದ್ದು ಹಾಕ್ರಿ" ಅಂತ ಅವಳೇ ಕೇಳಿದಳು. ಕೇಳದೆ ನಾವೇ ತೀರ್ಮಾನ ಮಾಡಿದರೆ ಹೀಗೇ.

ಅವಳ ನೈಟ್‌ಗಳು ಬೇರೆಯವರ ತಲೆಗೆ ಬಿದ್ದವು, ಗೊಣಗಾಟ ಶುರುವಾಯಿತು. ಅವರದೂ ತಪ್ಪಲ್ಲ. ಎಲ್ಲಿಯವರೆಗೆ ಅಂತ ಗೊತ್ತಿಲ್ಲದಿದ್ದಾಗಲೇ ಸಿಟ್ಟು ಜಾಸ್ತಿ. ಇಂಥ ತಾರೀಖಿನವರೆಗೆ ಮಾತ್ರ ಅಂತ ರೋಸ್ಟರ್‌ನಲ್ಲೇ ಬರೆದೆ. ಅವಳೂ ಭಾನುವಾರದ ಮಧ್ಯಾಹ್ನಗಳನ್ನು ತಾನೇ ತಗೊಂಡಳು.

ಕಾರಣ ಕೇಳುವವರಿಗೆ ಏನು ಹೇಳಬೇಕು ಅನ್ನುವುದನ್ನು ನೀವು ಯೋಚಿಸಬೇಡಿ. ಶನಿವಾರ ಫೋನ್ ಮಾಡಿ ಅವರನ್ನೇ ಕೇಳಿ. ನಮ್ಮವಳು, "ಅರಾಮ ಇರಲಿಲ್ಲ, ಈಗ ಅರಾಮ ಅದಾಳ ಅಂತ ಹೇಳ್ರಿ, ಸಾಕು" ಅಂದಿದ್ದಳು. ನಾನು ಅದರ ಮೇಲೆ ಒಂದಕ್ಷರ ಸೇರಿಸಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಕಾಯಿಲೆ ಮತ್ತು ಚಿಕಿತ್ಸೆಯ ವಿಷಯ ಗುಟ್ಟಾಗಿಡುವ ಹಕ್ಕನ್ನು ಕೊಟ್ಟಿದೆ. ಫಿಟ್ನೆಸ್ ಸರ್ಟಿಫಿಕೇಟನ್ನು ನರ್ಸಿಂಗ್ ಸ್ಟೇಷನ್ ಟೇಬಲ್ ಮೇಲೆ ಬಿಡಬೇಡಿ. ನಮ್ಮ ಕಡೆ ಧಾರವಾಡದಲ್ಲಿ ಮಾನಸಿಕ ಕಾಯಿಲೆಯ ಆಸ್ಪತ್ರೆ ಡಿಮ್ಹಾನ್ಸ್ ಇರುವುದರಿಂದ "ಇವನ್ನ ಧಾರವಾಡಕ್ಕ ಕಳಸಬೇಕು" ಅನ್ನುವುದು ಹಳೇ ಜೋಕು. ಆಸ್ಪತ್ರೆಯವರಾದ ನಾವೇ ದಿನಕ್ಕೆ ಎಷ್ಟು ಸಲ ಅನ್ನುತ್ತೇವೋ! ಅವಳು ಫಾಲೋಅಪ್‌ಗೆ ಹೋಗುತ್ತಿದ್ದದ್ದೂ ಅಲ್ಲಿಗೇ. ಅದಾದ ಮೇಲೆ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಡಾಕ್ಟರಿಗೆ ತೋರಿಸಲು ಹೋಗುವ ಒಪಿಡಿ ದಿನ ಆಫ್ ಅಂತ ರೋಸ್ಟರ್‌ನಲ್ಲಿ ಮೊದಲೇ ಹಾಕಿಬಿಡಿ, ಪ್ರತಿ ಸಲ ಕೇಳಿಕೊಳ್ಳುವ ಹಾಗೆ ಮಾಡಬೇಡಿ.

ಇನ್ನೊಂದು ಮಾತು, ಸ್ವಲ್ಪ ಕಹಿ. ಕಾಯಿಲೆಗೆ ವಾರ್ಡೂ ಕಾರಣವಾಗಿತ್ತಾ ನೋಡಿ. ನಮ್ಮಲ್ಲಿ ಆಗಿತ್ತು. ರಜೆಗೆ ಮುಂಚೆ ಅವಳು ಮೇಲಿಂದ ಮೇಲೆ ಡಬಲ್ ಡ್ಯೂಟಿ ಮಾಡಿದ್ದಳು, ಹಾಕಿದವಳು ನಾನೇ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಇಂಥವರು ಮರಳುವಾಗ ಚಿಕಿತ್ಸೆಯ ಜೊತೆಗೆ ಕೆಲಸದಲ್ಲೂ ಬದಲಾವಣೆ ಮಾಡುವುದನ್ನು ಯೋಚಿಸಿ ಅನ್ನುತ್ತದೆ. ಮಾತ್ರೆ ನುಂಗಿ ಅದೇ ಡಬಲ್ ಡ್ಯೂಟಿಗೆ ಬಂದರೆ ಏನು ಪ್ರಯೋಜನ?

ಸಾಯುವ ಮಾತೇನಾದರೂ ಬಂದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ. ಒಬ್ಬರನ್ನೇ ಬಿಡದೆ ಅವತ್ತೇ ಸೈಕಿಯಾಟ್ರಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರನ್ನು ಎಲ್ಲರಿಗೂ ಕಾಣುವ ಹಾಗೆ ಡ್ಯೂಟಿ ರೂಮಲ್ಲಿ ಅಂಟಿಸಿ.

ಸೋಮವಾರ ಹೂವು, ಕೇಕ್ ಏನೂ ಬೇಡ. ಹ್ಯಾಂಡೋವರ್ ಹೊತ್ತಿಗೆ ನೀವು ಅಲ್ಲಿದ್ದರೆ ಸಾಕು. ಗಿರ್ಮಿಟ್, ಮಿರ್ಚಿ ತರಿಸುವ ಆಸೆ ಇದ್ದರೆ ಬುಧವಾರ ಎಲ್ಲರಿಗೂ ತರಿಸಿ, ಯಾಕೆ ಅಂತ ಯಾರಿಗೂ ಹೇಳಬೇಡಿ.