ಗ್ರೀನ್ ಕಾರ್ಡ್ ಇದ್ರೂ ಫ್ರಾಡ್ ಕೇಸಲ್ಲಿ ಅಮೆರಿಕದಿಂದ ಕಳಿಸಿಬಿಡ್ತಾರಾ?

ನಿಮ್ಮ ಭಾವನಿಗೆ ಗ್ರೀನ್ ಕಾರ್ಡ್ ಇದೆ, ಸುಳ್ಳು ಹೇಳಿ ನಿರುದ್ಯೋಗ ಭತ್ಯೆ ತಗೊಂಡ್ರು ಅಂತ ಕೇಸಾಗಿದೆ, ತಪ್ಪೊಪ್ಕೊಂಡ್ರೆ ಜೈಲಿಲ್ಲ ಅಂತ ವಕೀಲರು ಹೇಳ್ತಿದಾರೆ, ಆ ಒಪ್ಪಂದಕ್ಕೆ ಸೈನ್ ಹಾಕ್ಬೋದಾ ಅಂತ ಕೇಳಿದೀರ. ದಯವಿಟ್ಟು ಈಗ್ಲೇ ಹಾಕ್ಬೇಡಿ ಅನ್ನಿ. ಒಂದೇ ಒಂದು ದಿನ ಜೈಲಿಗೆ ಹೋಗ್ದೆ ಇದ್ರೂ ಕಳಿಸ್ಬೋದು.

ಇಲ್ಲಿನ ಇಮಿಗ್ರೇಷನ್ ಕಾನೂನಲ್ಲಿ ಫ್ರಾಡಿಂದ ಆದ ನಷ್ಟ 10,000 ಡಾಲರ್ ದಾಟಿದ್ರೆ ಅದು ಅಗ್ರವೇಟೆಡ್ ಫೆಲನಿ, ಅಂದ್ರೆ ಗ್ರೀನ್ ಕಾರ್ಡ್ ಇದ್ದವ್ರನ್ನೂ ದೇಶದಿಂದ ಕಳಿಸ್ಬೋದಾದಂಥ ಅಪರಾಧ. ಆ ಹೆಸರು ಬಿತ್ತು ಅಂದ್ರೆ, ಎಷ್ಟು ವರ್ಷದಿಂದ ಇದಾರೆ, ಹೆಂಡ್ತಿ ಮಕ್ಕಳು ಇಲ್ಲೇ ಇದಾರಾ ಅಂತೆಲ್ಲ ನೋಡಿ ಜಡ್ಜು ಗ್ರೀನ್ ಕಾರ್ಡ್ ಉಳಿಸೋ ದಾರೀನೂ ಮುಚ್ಚಿಹೋಗತ್ತೆ. 10,000 ದೊಡ್ಡ ಮೊತ್ತ ಅನ್ಸತ್ತೆ ಅಲ್ವಾ, ಆದ್ರೆ 2020ರಲ್ಲಿ ಕೋವಿಡ್ ಟೈಮಲ್ಲಿ ಭತ್ಯೆ ಮೇಲೆ ವಾರಕ್ಕೆ 600 ಡಾಲರ್ ಎಕ್ಸ್‌ಟ್ರಾ ಕೊಟ್ರಲ್ಲ, ಜುಲೈ ಕೊನೆವರೆಗೆ 17 ವಾರ, ಅದೊಂದೇ 10,200 ಆಯ್ತು.

ನಮ್ಮ ಪರಿಚಯದ ತುಮಕೂರು ಕಡೆಯವರೊಬ್ರಿಗೆ ಹೀಗೇ ಆಯ್ತು. ಆ ಭತ್ಯೆ ತಗೊಳ್ತಾನೇ ಒಂದು ಅಂಗಡೀಲಿ ಕ್ಯಾಶಿಗೆ ಕೆಲಸ ಮಾಡಿದ್ರು, ತಪ್ಪೇ ಅದು, ದುಡ್ಡು ವಾಪಸ್ ಕಟ್ಸಿದ್ದೂ ಸರೀನೇ. ಒಪ್ಪಂದದ ಕಾಗದ ನಾನೇ ನೋಡಿದೀನಿ, ಪ್ರೊಬೇಷನ್ (ಜೈಲಿನ ಬದ್ಲು ಹೊರಗೇ ನಿಗಾದಲ್ಲಿ ಇಡೋದು) ಅಂತ ಬರೆದಿದ್ದಕ್ಕೆ ಅವರೇ ಖುಷಿಯಿಂದ ಪೆನ್ನಲ್ಲಿ ಗೆರೆ ಎಳ್ಕೊಂಡಿದ್ರು, ಅದರ ಕೆಳಗೇ ವಾಪಸ್ ಕಟ್ಟಬೇಕಾದ್ದು 11,340 ಅಂತ ಇತ್ತು, ಆ ಸಾಲಿನ ಮೇಲೆ ಯಾರ ಕಣ್ಣೂ ಬಿದ್ದಿಲ್ಲ. ಆಮೇಲೆ ಅಪ್ಪನ ತಿಥಿಗೆ ಊರಿಗೆ ಹೋಗಿ ವಾಪಸ್ ಬಂದಾಗ ಏರ್‌ಪೋರ್ಟಲ್ಲೇ ನಿಲ್ಸಿ ಇಮಿಗ್ರೇಷನ್ ಕೋರ್ಟ್ ನೋಟಿಸ್ ಕೈಗೆ ಕೊಟ್ರು. ಅದೇ ತಪ್ಪು ಮಾಡಿದ್ದ ಸಿಟಿಜನ್ ಹುಡುಗ ದುಡ್ಡು ಕಟ್ಟಿ ಮನೆಗೆ ಹೋದ. ಶಿಕ್ಷೆ ಬೇಡ ಅಂತಲ್ಲ ನಾನು ಹೇಳ್ತಿರೋದು, ಸೈನ್ ಹಾಕೋ ಹೊತ್ತಲ್ಲಿ ಒಬ್ರೂ ಹೇಳ್ಲಿಲ್ವಲ್ಲ ಅಂತ ಈಗ್ಲೂ ಹೊಟ್ಟೆ ಉರಿಯತ್ತೆ.

ತಪ್ಪೊಪ್ಕೊಂಡ್ರೆ ದೇಶದಿಂದ ಕಳಿಸ್ಬೋದು ಅಂತ ವಕೀಲರು ಮೊದ್ಲೇ ಹೇಳ್ಬೇಕು ಅಂತ ಇಲ್ಲಿನ ಸುಪ್ರೀಂ ಕೋರ್ಟೇ 2010ರಲ್ಲಿ ಪಡಿಲ್ಲಾ ಅನ್ನೋರ ಕೇಸಲ್ಲಿ ಹೇಳಿದೆ. ಆ ಪಡಿಲ್ಲಾ 40 ವರ್ಷದಿಂದ ಗ್ರೀನ್ ಕಾರ್ಡಲ್ಲಿ ಇಲ್ಲೇ ಇದ್ದವ್ರು, ವಿಯೆಟ್ನಾಂ ಯುದ್ಧದ ಟೈಮಲ್ಲಿ ಸೈನ್ಯದಲ್ಲಿದ್ದವ್ರು, ಇಷ್ಟು ವರ್ಷ ಇದೀಯ ಭಯ ಬೇಡ ಅಂದಿದ್ರಂತೆ ವಕೀಲರು. ಮತ್ತೆ ಅದೇ ಕೋರ್ಟಿನ 2009ರ ನಿಜಾವನ್ ಕೇಸಾದ್ಮೇಲೆ, ನಷ್ಟ ಎಷ್ಟು ಅಂತ ಕ್ರಿಮಿನಲ್ ಕೇಸಲ್ಲಿ ಜ್ಯೂರಿ ತೀರ್ಮಾನ ಮಾಡ್ದೆ ಇದ್ರೂ ಇಮಿಗ್ರೇಷನ್ ಕೋರ್ಟು ಕೇಸಿನ ಕಾಗದಗಳಿಂದ್ಲೇ ಲೆಕ್ಕ ತೆಗೀಬೋದು. ಅದಕ್ಕೇ ಒಪ್ಪಂದದಲ್ಲಿ ಯಾವ ಸೆಕ್ಷನ್, ಎಷ್ಟು ಮೊತ್ತ ಬರೀತಾರೆ ಅನ್ನೋದ್ರ ಮೇಲೇ ಎಲ್ಲ ನಿಂತಿದೆ. ಕ್ರಿಮಿನಲ್ ವಕೀಲರ ಜೊತೆ ಒಬ್ಬ ಇಮಿಗ್ರೇಷನ್ ವಕೀಲರನ್ನೂ ಕೂರಿಸಿ ಮಾತಾಡ್ಸಿ, ಊರಿಗೆ ಟಿಕೆಟ್ ಗಿಕೆಟ್ ಮಾಡಿದ್ರೆ ಸದ್ಯಕ್ಕೆ ಬೇಡ. ಕೋರ್ಟ್ ಡೇಟ್ ಯಾವಾಗ ಇದೆ?