ಮೊಬಿಲೈಜಾನ್ ಇನ್‌ಸ್ಟಾಲ್ ಮಾಡ್ಲಾಕ ಹೋದ್ರ ಮೈಗ್ರೇಶನ್‌ದಾಗ ‘ಪರ್ಮಿಷನ್ ಡಿನೈಡ್’ ಅಂತ ನಿಂತದ, ಏನ್ ಮಾಡ್ಬೇಕು?

ಯಾದಗಿರಿಯಿಂದ ಕೇಳೀರಿ ಅಂತ ಓದಿ ಖುಷಿ ಆಯ್ತ್ರಿ, ನಾ ಕಲಬುರಗಿ. ಮೊಬಿಲೈಜಾನ್ ಅಂದ್ರ ಕಾರ್ಯಕ್ರಮಗಳ ಮಾಹಿತಿ ಹಾಕೋ ಸಾಫ್ಟ್‌ವೇರ್; ನಿಮ್ಮ ಸಂಘದ ಕಾರ್ಯಕ್ರಮ ಎಲ್ಲಾ ಒಂದೇ ಕಡಿ ಹಾಕ್ಲಾಕ ಉಬುಂಟು ಸರ್ವರ್ ತಗೊಂಡೀರಿ, ಡೇಟಾಬೇಸ್ ಮಾಡೀರಿ, ಮೈಗ್ರೇಟ್ (ಡೇಟಾಬೇಸ್‌ದಾಗ ಟೇಬಲ್ ಮಾಡೋ ಕಮಾಂಡ್) ಕೊಟ್ಟ ಕೂಡ್ಲೇ ಎಕ್ಸ್‌ಟೆನ್ಷನ್ (ಡೇಟಾಬೇಸ್‌ಗೆ ಹಚ್ಚೋ ಸೇರ್ಪಡಿ) ಮಾಡ್ಲಾಕ ಪರ್ಮಿಷನ್ ಇಲ್ಲ ಅಂತ ಬಂದದ. ನಂಗೂ ಇಲ್ಲೇ ನಿಂತಿತ್ತು, ಎರಡ ರಾತ್ರಿ ಹೋದುವು.

ತಪ್ಪು ಮೊಬಿಲೈಜಾನ್‌ದಲ್ಲ. ಅದಕ್ಕ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ದಾಗ ಮೂರು ಎಕ್ಸ್‌ಟೆನ್ಷನ್ ಬೇಕು: ಜಾಗದ ಲೆಕ್ಕಕ್ಕ ಪೋಸ್ಟ್‌ಜಿಐಎಸ್, ಹುಡುಕ್ಲಾಕ ಪಿಜಿ-ಟ್ರಿಗ್ರಾಮ್ ಮತ್ತ ಅನ್‌ಆಕ್ಸೆಂಟ್. ಇವನ್ನ, ಅದರಾಗೂ ಪೋಸ್ಟ್‌ಜಿಐಎಸ್, ಮಾಡೋ ಹಕ್ಕು ಸಾಮಾನ್ಯವಾಗಿ ನೀವು ಮಾಡಿದ ಸಾದಾ ಡೇಟಾಬೇಸ್ ಯೂಸರ್‌ಗೆ ಇರಂಗಿಲ್ಲ, ಅಷ್ಟ. ಭಾಳ ಮಂದಿ ಆ ಯೂಸರ್‌ಗೇ ಸೂಪರ್‌ಯೂಸರ್ ಹಕ್ಕು (ಎಲ್ಲಾ ಮಾಡೋ ಹಕ್ಕು) ಕೊಟ್ಟ ಬಿಡ್ತಾರ, ಖರೇ ಹೇಳ್ತೀನಿ ಹಂಗ ಮಾಡಬ್ಯಾಡ್ರಿ, ನಾಳೆ ವೆಬ್ ಕಡಿಂದ ಯಾರರ ಒಳಗ ಬಂದ್ರ ಪೂರಾ ಡೇಟಾಬೇಸ್ ಸರ್ವರೇ ಅವರ ಕೈಯಾಗ ಹೋಗ್ತದ.

ಮೊದಲ ಪೋಸ್ಟ್‌ಜಿಐಎಸ್ ಪ್ಯಾಕೇಜ್ ಆಪ್ಟ್‌ಲಿಂದ ಹಾಕ್ರಿ, ಆಮ್ಯಾಲ ಸುಡೋ ಕೊಟ್ಟು ಪೋಸ್ಟ್‌ಗ್ರೆಸ್ ಯೂಸರ್ ಆಗಿ ಒಳಗ ಹೋಗಿ ಮೂರೂ ಎಕ್ಸ್‌ಟೆನ್ಷನ್ ಕೈಯಿಂದ ಕ್ರಿಯೇಟ್ ಮಾಡಿ ಹೊರಗ ಬಂದು ಮತ್ತ ಮೈಗ್ರೇಟ್ ಕೊಡ್ರಿ. ಒಂದ ಕಡಿ ಕಣ್ಣಿಟ್ಟು ನೋಡ್ರಿ: ಪ್ರಾಂಪ್ಟ್‌ದಾಗ ಸುರುವಿಗೇ ಡೇಟಾಬೇಸ್ ಹೆಸರು ಇರ್ತದ, ಅಲ್ಲಿ ‘ಪೋಸ್ಟ್‌ಗ್ರೆಸ್’ ಅಂತಿದ್ರ ನೀವು ಬ್ಯಾರೆ ಮನಿಯಾಗ ನಿಂತೀರಿ, ಮೊಬಿಲೈಜಾನ್ ಡೇಟಾಬೇಸ್‌ಗೆ ಕನೆಕ್ಟ್ ಆಗ್ರಿ. ನಾ ಮೊದಲ ದಿನ ಮೂರೂ ಎಕ್ಸ್‌ಟೆನ್ಷನ್ ಆ ಬ್ಯಾರೆ ಮನಿಯಾಗ ಹಾಕಿ, ಎಲ್ಲಾ ಆಗ್ಯದ ಖರೇ ಅದೇ ಎರರ್ ಯಾಕ ಬರ್ಲಾಕತ್ತದ ಅಂತ ಕುಂತಿದ್ದೆ. ಹೆಸರಿನ ಮುಂದ ಹ್ಯಾಶ್ ಗುರ್ತು (#) ಇದ್ರ ಸೂಪರ್‌ಯೂಸರ್, ಬಾಣದ ಗುರ್ತು (>) ಇದ್ರ ಸಾದಾ ಯೂಸರ್.

ಮುಂದ ಮೇಲ್. ಅಕೌಂಟ್ ಮಾಡಿದವರಿಗೆ ಕನ್ಫರ್ಮ್ ಮೇಲ್ ಹೋಗ್ಲೇಬೇಕು, ಆದ್ರ ಭಾಳಷ್ಟು ಕ್ಲೌಡ್ ಕಂಪನಿಗಳು ಮೇಲ್ ಹೋಗೋ 25ನೇ ಪೋರ್ಟ್ ಬಂದ್ ಇಟ್ಟಿರ್ತಾವ, 587ರ ಮ್ಯಾಲ ಒಂದು ಎಸ್‌ಎಂಟಿಪಿ (ಮೇಲ್ ಕಳಿಸೋ) ಸರ್ವಿಸ್ ಹಾಕ್ರಿ. ಡೊಮೇನ್ ಹೆಸರನ್ನೂ ಈಗೇ ಗಟ್ಟಿ ಮಾಡ್ರಿ, ಮೊಬಿಲೈಜಾನ್ ಜೋಡಿ ಕೂಡೋ ಬ್ಯಾರೆ ಸರ್ವರ್‌ಗಳು ನಿಮ್ಮನ್ನ ಆ ಹೆಸರಲೇ ಗುರ್ತ ಹಿಡೀತಾವ, ಆಮ್ಯಾಲ ಬದಲಿ ಮಾಡಿದ್ರ ಜೋಡಣಿ ಎಲ್ಲಾ ಹರೀತದ.

ಟೈಮ್‌ಝೋನ್ ಬಗ್ಗೆ ಹೇಳ್ಲೇಬೇಕು. ನಮ್ಮ ಹುಡುಗ ಪಂಡಿತ ರಂಗಮಂದಿರದಾಗಿನ ವಚನ ಗಾಯನ ಸಂಜಿ 6ಕ್ಕ ಅಂತ ಹಾಕಿದ, ಈವೆಂಟ್ ಯುಟಿಸಿಯಾಗ (ನಮ್ಮ ಟೈಮ್‌ಕಿಂತ ಐದೂವರೆ ತಾಸು ಹಿಂದಿರೋ ಜಾಗತಿಕ ಟೈಮ್) ಇತ್ತು, ನೋಡವರ ಮೊಬೈಲ್‌ದಾಗ ರಾತ್ರಿ 11:30 ಅಂತ ಕಂಡದ. ಒಬ್ಬರು ಹಿರಿಯರು ಫೋನ್ ಹಚ್ಚಿ, ‘ಅಷ್ಟೊತ್ತಿಗಿ ಮುಗದು ಹಳ್ಳಿಗಿ ಹೋಗ್ಲಾಕ ಬಸ್ ಎಲ್ಲಿ ಸಿಗ್ತದಪ್ಪ’ ಅಂದ್ರು. ಅವತ್ತಿಂದ ಪ್ರತಿ ಈವೆಂಟ್‌ಗೆ ಏಷ್ಯಾ-ಕೋಲ್ಕತಾ ಅದನೋ ಇಲ್ಲೋ ನೋಡೇ ಪಬ್ಲಿಷ್ ಮಾಡ್ತೀವಿ.

ಹತ್ತು-ಹನ್ನೆರಡು ಮಂದಿ ಸಂಘ, ಅಕೌಂಟ್ ಮಾಡೋ ರೂಢಿ ಇಲ್ಲ ಅಂದ್ರ ಗಾಂಚೋ ಅನ್ನೋ ಇಂಥಾದೇ ಇನ್ನೊಂದು ಸಾಫ್ಟ್‌ವೇರನ್ನೂ ನೋಡ್ರಿ. ನೋಡ್‌ಜೆಎಸ್ ಮ್ಯಾಲ ನಡೀತದ, ಎಸ್‌ಕ್ಯುಲೈಟ್ ಅನ್ನೋ ಸಣ್ಣ ಡೇಟಾಬೇಸ್ ಸಾಕು, 13120 ಪೋರ್ಟ್‌ದಾಗ ಎದ್ದ ನಿಲ್ತದ, ಯಾರರ ಅಕೌಂಟ್ ಇಲ್ದನೂ ಕಾರ್ಯಕ್ರಮ ಹಾಕಿದ್ರ ನೀವು ಒಪ್ಪಿದ ಮ್ಯಾಲ ಕಾಣ್ತದ. ನಿಮ್ಮಂಥ ಸಣ್ಣ ಸಂಘಕ್ಕ ನನ್ನ ಮನಸ್ಸು ಇದರ ಕಡಿನೇ ಅದ. ವಾಟ್ಸಾಪ್‌ದಾಗ ಬಂದ ಪಾಂಪ್ಲೆಟ್ ಎರಡ ದಿನದಾಗ ಗುಡ್ ಮಾರ್ನಿಂಗ್ ಮೆಸೇಜ್‌ಗಳ ಕೆಳಗ ಹೂತು ಹೋಗ್ತದಲ್ರಿ, ನಮ್ಮ ಕಡಿ ಎಷ್ಟ ಛಲೋ ಕಾರ್ಯಕ್ರಮಗಳಿಗೆ ಮಂದೀನೇ ಬರಲಿಲ್ಲ ಹಂಗಾಗಿ.

ಮೈಗ್ರೇಶನ್ ಮತ್ತ ನಿಂತ್ರ ಸ್ಕ್ರೀನ್ ಮ್ಯಾಲಿನ ಕಡೀ 20 ಸಾಲು ಇಲ್ಲೇ ಹಾಕ್ರಿ, ಪಾಸ್‌ವರ್ಡ್ ಇದ್ರ ಮೊದಲ ಅಳಿಸ್ರಿ. ರಾತ್ರಿ ಊಟ ಆದ ಮ್ಯಾಲ ನಾ ನೋಡೇ ನೋಡ್ತೀನಿ.