ದಿನಾ ನೀರು ಹಾಕಿದರೂ ಕುಂಡದ ಮೆಣಸಿನ ಗಿಡ ಬಾಡುತ್ತಿದೆ, ಉಳಿಸಿಕೊಳ್ಳೋದು ಹೇಗೆ?

ನೀವು ಕೇಳಿರೋದು ಇಷ್ಟು: ಬೆಂಗಳೂರಿನ ಫ್ಲ್ಯಾಟು, ಕಿಟಕಿ ಪಕ್ಕ ಮನೆಯೊಳಗೇ ಇಟ್ಟ ನಾಲ್ಕು ಪ್ಲಾಸ್ಟಿಕ್ ಕುಂಡ, ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಮಣ್ಣು, ದಿನಾ ಬೆಳಿಗ್ಗೆ ಒಂದೊಂದು ಚೊಂಬು ನೀರು. ಎರಡು ಗಿಡ ಜೋತುಬಿದ್ದಿವೆ, ಒಂದರಲ್ಲಿ ಕೆಳಗಿನ ಎಲೆ ಹಳದಿಯಾಗಿದೆ. ಇನ್ನಷ್ಟು ನೀರು ಹಾಕಬೇಕಾ, ಗೊಬ್ಬರ ಕೊಡಬೇಕಾ?

ಸದ್ಯಕ್ಕೆ ಎರಡೂ ಬೇಡ. ಎಲೆ ಬಾಡಿದೆ ಅಂದರೆ ಎಲೆಗೆ ನೀರು ತಲುಪುತ್ತಿಲ್ಲ ಅಂತ ಮಾತ್ರ ಅರ್ಥ. ಮಣ್ಣು ಒಣಗಿದರೂ ಹಾಗಾಗುತ್ತೆ, ಮಣ್ಣು ಕೆಸರಾಗಿ ಬೇರು ಕೊಳೆತರೂ ಹಾಗೇ ಆಗುತ್ತೆ. ಮೇಲಿಂದ ನೋಡಿದರೆ ಎರಡೂ ಒಂದೇ ಥರ. ಬಾಡಿದ ತಕ್ಷಣ ಚೊಂಬು ಎತ್ತೋ ಅಭ್ಯಾಸವೇ ಮನೆಯೊಳಗಿನ ಗಿಡಗಳನ್ನು ಹೆಚ್ಚಾಗಿ ಕೊಲ್ಲೋದು.

ಮೊದಲು ಕುಂಡ ಎತ್ತಿ ತೂಕ ನೋಡಿ. ನಾಲ್ಕನ್ನೂ ಒಂದೊಂದಾಗಿ ಎತ್ತಿದರೆ ಯಾವುದು ಭಾರ, ಯಾವುದು ಹಗುರ ಅಂತ ಕೈಗೇ ಗೊತ್ತಾಗುತ್ತೆ. ಆಮೇಲೆ ಉರಿದು ಉಳಿದ ಊದುಬತ್ತಿ ಕಡ್ಡಿಯನ್ನೋ ತೆಳು ಬಿದಿರು ಕಡ್ಡಿಯನ್ನೋ ಅಂಚಿನಲ್ಲಿ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆಯಿರಿ. ಬರೀ ಬೆರಳು ಚುಚ್ಚಿ ನೋಡಿದರೆ ಸಾಲದು. ಕೋಕೊಪೀಟ್ ಮೇಲೆ ಒಂದಿಂಚು ಒಣಗಿ ತಿಳಿ ಕಂದು ಬಣ್ಣಕ್ಕೆ ತಿರುಗಿದ್ದಾಗಲೂ ತಳದಲ್ಲಿ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ ಇರಬಹುದು. ಬೆಳಿಗ್ಗೆ ಆರೂವರೆಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ಗಿಡ ನೋಡಿ. ಬಿಸಿಲಲ್ಲಿ ಬಾಡಿ ಸಂಜೆ ತಾನಾಗಿ ಎದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬೆಳಗಿನ ತಂಪಲ್ಲೂ ಜೋತುಬಿದ್ದಿದ್ದರೆ ಬೇರಿಗೆ ಏನೋ ಆಗಿದೆ.

ನೀವು ಕೊಟ್ಟ ವಿವರ ನೋಡಿದರೆ ನೀರು ಹೆಚ್ಚಾಗಿರೋದೇ ಮೊದಲ ಅನುಮಾನ. ಗಾಜಿನ ಕಿಟಕಿಯೊಳಗೆ ಬಿಸಿಲು ಕಡಿಮೆ, ಗಾಳಿ ಕಡಿಮೆ, ಹಾಗಾಗಿ ಗಿಡ ಕುಡಿಯೋ ನೀರೂ ಕಡಿಮೆ. ತಾರಸಿ ಮೇಲಿನ ಗಿಡಕ್ಕೆ ಒಂದು ದಿನಕ್ಕೆ ಬೇಕಾದ ನೀರು ಇಲ್ಲಿ ಮೂರು-ನಾಲ್ಕು ದಿನಕ್ಕೆ ಸಾಕಾಗುತ್ತೆ. ಪ್ಲಾಸ್ಟಿಕ್ ಕುಂಡದ ಗೋಡೆಯಿಂದ ತೇವ ಆರಲ್ಲ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಬೇರಿಗೆ ಆಮ್ಲಜನಕ ಸಿಗಲ್ಲ, ಬೇರಿನ ತುದಿ ಸಾಯುತ್ತೆ, ಆ ಸತ್ತ ಜಾಗಕ್ಕೆ ಪಿಥಿಯಂನಂಥ ಕೊಳೆ ರೋಗಾಣುಗಳು ಹೊಕ್ಕುತ್ತವೆ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದರೆ ಅದೂ ಅತಿ ತೇವದ ಸೂಚನೆಯೇ. ಕುಂಡದ ತಟ್ಟೆಯಲ್ಲಿ ನೀರು ನಿಂತಿದೆಯಾ, ತಳದ ತೂತುಗಳು ನುಣುಪು ಟೈಲ್ಸ್‌ಗೆ ಅಂಟಿ ಮುಚ್ಚಿವೆಯಾ ಅಂತಲೂ ನೋಡಿ. ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಬಸಿಯುತ್ತೆ ಅಂತ ಎಲ್ಲರೂ ಹೇಳ್ತಾರೆ, ನಾನು ಒಪ್ಪಲ್ಲ. ಮಣ್ಣಿನಲ್ಲಿ ಒದ್ದೆ ನಿಲ್ಲುವ ಪದರ ಕಲ್ಲಿನ ಮೇಲಕ್ಕೆ, ಅಂದರೆ ಬೇರಿಗೆ ಇನ್ನೂ ಹತ್ತಿರಕ್ಕೆ ಬರುತ್ತೆ ಅಷ್ಟೇ.

ಕುಂಡ ಭಾರ ಇದ್ದು ಗಿಡ ಬಾಡಿದ್ದರೆ ಬೇರು ನೋಡದೆ ಬೇರೆ ದಾರಿ ಇಲ್ಲ. ಇಲ್ಲಿ ತುಂಬ ಜನ ಹಿಂಜರಿತಾರೆ. ಹೇಗೂ ಸಾಯ್ತಿರೋ ಗಿಡ, ಧೈರ್ಯ ಮಾಡಿ. ಬುಡವನ್ನು ಎರಡು ಬೆರಳ ನಡುವೆ ಹಿಡಿದು, ಅಂಗೈಯಿಂದ ಮಣ್ಣಿಗೆ ಆಸರೆ ಕೊಟ್ಟು, ಕುಂಡ ಬೋರಲು ಹಾಕಿ ಅಂಚನ್ನು ತಟ್ಟಿ. ಆರೋಗ್ಯದ ಬೇರು ಬಿಳಿ ಅಥವಾ ಕೆನೆ ಬಣ್ಣ, ಎಳೆದರೆ ಗಟ್ಟಿ, ವಾಸನೆ ಹಸಿಮಣ್ಣಿನದು. ಕೊಳೆತ ಬೇರು ಕಂದು ಅಥವಾ ಕಪ್ಪು, ಚರಂಡಿ ವಾಸನೆ. ಉಗುರಿಂದ ಎಳೆದರೆ ಮೇಲಿನ ಸಿಪ್ಪೆ ಕಾಲುಚೀಲದಂತೆ ಜಾರಿ ಬಂದು ಒಳಗಿನ ನೂಲು ಮಾತ್ರ ಉಳಿಯುತ್ತೆ.

ಅರ್ಧಕ್ಕಿಂತ ಹೆಚ್ಚು ಬಿಳಿ ಬೇರು ಉಳಿದಿದ್ದರೆ ಗಿಡ ಉಳಿಯೋ ಸಾಧ್ಯತೆ ಚೆನ್ನಾಗಿದೆ. ಒದ್ದೆ ಮಣ್ಣು ಉದುರಿಸಿ, ಕೊಳೆತದ್ದನ್ನು ಬಿಳಿ ಭಾಗ ಕಾಣುವವರೆಗೆ ಕತ್ತರಿಸಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಬೇರು ಕಡಿಮೆಯಾದಷ್ಟು ಎಲೆಯೂ ಕಡಿಮೆಯಾಗಬೇಕು. ಮೂರನೇ ಒಂದು ಭಾಗದಷ್ಟು ಎಲೆ-ಕೊಂಬೆ ಸವರಿ, ಹೂವು ಕಾಯಿ ಎಲ್ಲ ಕಿತ್ತುಬಿಡಿ. ಮನಸ್ಸು ಬರಲ್ಲ, ಆದರೂ ಕೀಳಿ. ಹೊಸ ಮಿಶ್ರಣಕ್ಕೆ ಕೆಂಪು ಮಣ್ಣು ಎರಡು ಪಾಲು, ತೊಳೆದ ಕೋಕೊಪೀಟ್ ಒಂದು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಒಂದು ಪಾಲು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಬೇರು ಕಡಿಮೆ ಉಳಿದಿದ್ದರೆ 8 ಇಂಚಿನ ಸಣ್ಣ ಕುಂಡವೇ ಸರಿ. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣೆಲ್ಲ ಒದ್ದೆಯಾಗೇ ಕೂರುತ್ತೆ. ಕುಂಡವನ್ನು ಮೂರು ಇಟ್ಟಿಗೆ ಚೂರಿನ ಮೇಲೆ ಇಡಿ, ತೂತಿಗೆ ಗಾಳಿ ಆಡಲಿ.

ನೆಟ್ಟ ಮೇಲೆ ತಳದಿಂದ ಬರುವಷ್ಟು ಒಮ್ಮೆ ನೀರು ಕೊಟ್ಟು, ಒಂದು ವಾರ ನೇರ ಬಿಸಿಲು ಬೀಳದ ಬೆಳಕಲ್ಲಿಡಿ. ಮೇಲಿನ ಎರಡಿಂಚು ಒಣಗೋವರೆಗೆ ಮತ್ತೆ ನೀರು ಬೇಡ. ಹೊಸ ಚಿಗುರು ಕಾಣೋವರೆಗೆ ಗೊಬ್ಬರವೂ ಬೇಡ. ಹಳದಿಯಾದ ಎಲೆ ಮತ್ತೆ ಹಸಿರಾಗಲ್ಲ, ಅದನ್ನು ನೋಡುತ್ತಾ ಕೂರಬೇಡಿ, ತುದಿಯ ಕುಡಿ ನೆಟ್ಟಗಾಯಿತಾ ನೋಡಿ. ಚೇತರಿಸಿಕೊಂಡ ಮೇಲೆ ದಿನಕ್ಕೆ 5-6 ಗಂಟೆ ಬಿಸಿಲು ಬೀಳುವ ಕಡೆಗೆ ಎರಡು ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಸರಿಸಿ. ಮೆಣಸಿಗೆ ಕಿಟಕಿಯ ಮಬ್ಬು ಬೆಳಕು ಸಾಲದು.

ಎತ್ತಿದಾಗ ಕುಂಡ ಹಗುರ ಅನ್ನಿಸಿದರೆ ಕೆಲಸ ಸುಲಭ. ಪೂರ್ತಿ ಒಣಗಿದ ಕೋಕೊಪೀಟ್ ಮೇಲಿಂದ ಹಾಕಿದ ನೀರನ್ನು ಬೇಗ ಹೀರಲ್ಲ. ಅದು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತೆ, ಹಾಕಿದ ನೀರೆಲ್ಲ ಆ ಸಂದಿನಲ್ಲಿ ಇಳಿದು ತಟ್ಟೆಗೆ ಬರುತ್ತೆ. ನೀರು ಹಾಕಿದ್ದೀನಲ್ಲ ಅಂತ ನಾವು ಸಮಾಧಾನ ಪಟ್ಟುಕೊಳ್ತೀವಿ. ಟಬ್ಬಿನಲ್ಲಿ ಮೂರ್ನಾಲ್ಕು ಇಂಚು ನೀರು ತುಂಬಿ ಕುಂಡವನ್ನು 30-45 ನಿಮಿಷ ಕೂರಿಸಿ, ಮೇಲ್ಮಣ್ಣು ಒದ್ದೆಯಾದ ಮೇಲೆ ಎತ್ತಿ ಬಸಿಯಲು ಬಿಡಿ. ಸಂಜೆಯೊಳಗೆ ಎಲೆ ಎದ್ದು ನಿಲ್ಲುತ್ತೆ.

ತೇವ ಹದವಾಗಿದ್ದೂ ಬಾಡುತ್ತಿದೆ, ಎಲೆಯ ಅಂಚು ಸುಟ್ಟಂತಿದೆ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದೆ ಅಂದರೆ ಉಪ್ಪಿನಂಶ ಹೆಚ್ಚಾಗಿದೆ. ಮಣ್ಣಲ್ಲಿ ಉಪ್ಪು ಹೆಚ್ಚಾದಷ್ಟೂ ಬೇರಿಗೆ ನೀರು ಹೀರೋದು ಕಷ್ಟ. ಆರ್‌ಓ (ಕುಡಿಯೋ ನೀರು ಶುದ್ಧ ಮಾಡುವ) ಯಂತ್ರ ಹೊರಹಾಕುವ ವ್ಯರ್ಥ ನೀರನ್ನು ದಂಡ ಮಾಡಬಾರದು ಅಂತ ಗಿಡಕ್ಕೆ ಹಾಕೋ ಮನೆಗಳಲ್ಲಿ ಇದು ಸಾಮಾನ್ಯ, ಬೋರ್‌ವೆಲ್ ನೀರಿನ ಉಪ್ಪೆಲ್ಲ ಸಾಂದ್ರವಾಗಿರೋದು ಅದರಲ್ಲೇ. ಆ ನೀರು ನೆಲ ಒರೆಸೋಕೆ ಇರಲಿ. ಕೋಕೊಪೀಟ್ ಇಟ್ಟಿಗೆಯನ್ನು ಮೂರು ಸಲ ನೆನೆಸಿ ಬಸಿಯದೆ ಬಳಸಿದರೂ, 19:19:19 ರಸಗೊಬ್ಬರದ ಪುಡಿಯನ್ನು ನೀರಲ್ಲಿ ಕರಗಿಸದೆ ಒಂದು ಚಮಚ ಬುಡಕ್ಕೆ ಸುರಿದರೂ ಇದೇ ಗತಿ. ಲೀಟರಿಗೆ 1-2 ಗ್ರಾಂ, ಹದಿನೈದು ದಿನಕ್ಕೊಮ್ಮೆ ಸಾಕು. ಪರಿಹಾರ ತೊಳೆಯೋದೇ: 10 ಲೀಟರ್ ಕುಂಡಕ್ಕೆ 25-30 ಲೀಟರ್ ಒಳ್ಳೆ ನೀರು ನಿಧಾನಕ್ಕೆ ಹಾಯಿಸಿ. ಬೇರು ಕೊಳೆತಿಲ್ಲ ಅಂತ ಖಾತ್ರಿಯಾದರೆ ಮಾತ್ರ.

ಬುಡ ಅಲ್ಲಾಡಿಸಿದರೆ ಗಿಡ ಸಡಿಲವಾಗಿ ಓಲಾಡುತ್ತಾ? ಕೊಟ್ಟಿಗೆ ಗೊಬ್ಬರ ಹಾಕಿದ್ದರೆ ಮಣ್ಣು ಕೆದಕಿ. ಕಂದು ತಲೆಯ, ಕೊಕ್ಕೆಯಂತೆ ಸುರುಳಿಕೊಂಡ ಬಿಳಿ ಗೊಣ್ಣೆಹುಳು ಬೇರು ತಿಂದಿರುತ್ತೆ. ಕೈಯಿಂದ ಆರಿಸಿ ತೆಗೆಯೋದೇ ಒಳ್ಳೆ ಉಪಾಯ. ಬೇರಲ್ಲಿ ಗಂಟು ಗಂಟು ಇದ್ದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ (ನೆಮಟೋಡ್) ಕಾಟ, ಆ ಮಣ್ಣನ್ನು ಮತ್ತೆ ಬಳಸಬೇಡಿ.

ಕೊನೆಯದು ಸೊರಗು ರೋಗ. ಎಲೆ ಹಸಿರಾಗಿದ್ದಾಗಲೇ ಒಂದೆರಡು ದಿನದಲ್ಲಿ ಇಡೀ ಗಿಡ ಕುಸಿದಿದ್ದರೆ, ಬುಡದ ಹತ್ತಿರ ಎರಡು-ಮೂರು ಇಂಚು ಕಾಂಡ ಕತ್ತರಿಸಿ, ಗಾಜಿನ ಲೋಟದ ಶುದ್ಧ ನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಕೆಳಗಿಳಿದರೆ ಅದು ರಾಲ್‌ಸ್ಟೋನಿಯ ಬ್ಯಾಕ್ಟೀರಿಯ, ನೀರು ಸಾಗುವ ನಾಳವನ್ನೇ ಕಟ್ಟಿಹಾಕಿದೆ. ಎಳೆ ಬರದೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಇದ್ದು, ಕೆಳಗಿನ ಎಲೆ ಮೊದಲು ಹಳದಿಯಾಗಿದ್ದರೆ ಫ್ಯುಸೇರಿಯಂ ಶಿಲೀಂಧ್ರದ ಅನುಮಾನ. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಬುಡಕ್ಕೆ ಸುರಿಯಲು ಅಂಗಡಿಯಲ್ಲಿ ಹೇಳ್ತಾರೆ. ಕುಸಿದ ಗಿಡ ಅದರಿಂದ ಏಳಲ್ಲ, ಮನೆಯೊಳಗೆ ಅದನ್ನು ಬಳಸೋದೂ ನನಗೆ ಸರಿ ಕಾಣಲ್ಲ. ಗಿಡವನ್ನು ಮಣ್ಣಿನ ಸಮೇತ ಚೀಲದಲ್ಲಿ ಕಟ್ಟಿ ಬಿಸಾಡಿ, ಕಾಂಪೋಸ್ಟ್‌ಗೆ ಹಾಕಬೇಡಿ. ಕುಂಡ ಸೋಪಿನಲ್ಲಿ ಉಜ್ಜಿ, ಬ್ಲೀಚಿಂಗ್ ನೀರಲ್ಲಿ ತೊಳೆದು ಬಿಸಿಲಿಗಿಡಿ. ಈ ಬ್ಯಾಕ್ಟೀರಿಯ ಟೊಮೆಟೊ, ಬದನೆ, ಆಲೂಗೆಡ್ಡೆಗೂ ಬರುತ್ತೆ. ಟೊಮೆಟೊ ಹಾಕಲೇಬೇಕು ಅನ್ನಿಸಿದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ರಕ್ಷಕ್ ತಳಿ ಬ್ಯಾಕ್ಟೀರಿಯದ ಸೊರಗು ರೋಗವನ್ನು ತಡೆದುಕೊಳ್ಳುತ್ತೆ.

ನಿಮ್ಮ ಉಳಿದ ಎರಡು ಗಿಡಗಳಿಗೆ ಇವತ್ತಿನಿಂದಲೇ ಚೊಂಬಿನ ಲೆಕ್ಕ ಬಿಡಿ, ತಟ್ಟೆಯ ನೀರು ಚೆಲ್ಲಿ. ಬಾಡಿದ ಎರಡರ ಬೇರಿನ ಫೋಟೊ ತೆಗೆದು ಕಾಮೆಂಟಿನಲ್ಲಿ ಹಾಕಿ, ಎಷ್ಟು ಕತ್ತರಿಸಬೇಕು ಅಂತ ಹೇಳ್ತೀನಿ.